ಸೊಸೆ ಬರೆದುಕೊಟ್ಟ ಹೆಸರು

ಮಾ-ನೆಯೊ ಟೀಚರು ಹಾಜರಿ ಕರೆಯುವಾಗ ಒಂದು ಹೆಸರಿನ ಹತ್ತಿರ ಬಂದು ನಿಂತುಬಿಡುತ್ತಿದ್ದಳು. ಉಳಿದ ಹೆಸರುಗಳೆಲ್ಲ ಸಲೀಸಾಗಿ ಬಾಯಿಂದ ಉದುರುತ್ತಿದ್ದವು. ಆ ಒಂದು ಹೆಸರು ಬಂದಾಗ ಮಾತ್ರ ತಲೆ ಎತ್ತಿ, "ಕಿಟಕಿ ಪಕ್ಕದವನೇ," ಅನ್ನುತ್ತಿದ್ದಳು. "ಬಂದಿದೀನಿ ಮ್ಮೆ," ಅನ್ನುತ್ತಿದ್ದ ಅವನು; ಮ್ಮೆ ಅಂದರೆ ಅಮ್ಮ. ಮಳೆಗೆ ಕಿಟಕಿ ಸೋರಿ ಅವನನ್ನು ಹಿಂದಿನ ಬೆಂಚಿಗೆ ಕಳಿಸಿದ ಮೇಲೂ ಅವನು ಕಿಟಕಿ ಪಕ್ಕದವನೇ. ಆ ಹುಡುಗನ ಹೆಸರು ಲೆಫಾ. ಟೀಚರ ಮಾವನ ಹೆಸರೂ ಲೆಫಾ. ಸೊಸೆಯಾದವಳು ಮಾವನ ಹೆಸರು ಹೇಳುವುದುಂಟೆ?

ಹೇಳುವುದಿಲ್ಲ. ನಮ್ಮ ಬಸೋಥೊ ಜನಾಂಗದ ಹೆಂಗಸರಿಗೆ ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಅದು ಮದುವೆಯ ಕಂಬಳಿಯ ಜೊತೆಗೇ ಮೈಮೇಲೆ ಬರುತ್ತದೆ. ಲೆಫಾ ಅಂದರೆ ನಮ್ಮ ಮಾತಿನಲ್ಲಿ ಪಿತ್ರಾರ್ಜಿತ ಆಸ್ತಿ. ಹಾಗಾಗಿ ಆ ಪದವೂ ಅವಳಿಗೆ ವರ್ಜ್ಯ. ಪಾಠದಲ್ಲಿ ಅದು ಬಂದರೆ "ಅಪ್ಪ ಬಿಟ್ಟುಹೋದದ್ದು" ಎಂದು ಸುತ್ತಿ ಬಳಸಿ ಹೇಳುತ್ತಿದ್ದಳು. ಒಮ್ಮೆ ರಾಜಧಾನಿ ಮಸೇರುವಿನಿಂದ ಬಂದ ಶಾಲಾ ಇನ್‌ಸ್ಪೆಕ್ಟರು ಇದನ್ನು ಕೇಳಿ ಹುಬ್ಬು ಗಂಟಿಕ್ಕಿದರು. ಆಮೇಲೆ ತಮ್ಮ ಹೆಂಡತಿಯೂ ಹೀಗೇ ಅಲ್ಲವೆ ಎಂದು ನೆನಪಾಗಿರಬೇಕು, ಸುಮ್ಮನೆ ತಲೆಯಾಡಿಸಿ ಚಹಾ ಕುಡಿದು ಹೋದರು.

ನಮ್ಮ ನಾಡಿನಲ್ಲಿ ಓದಿನ ಲೆಕ್ಕ ಸ್ವಲ್ಪ ತಿರುಗುಮುರುಗು. ಹುಡುಗಿಯರು ಸ್ಲೇಟು ಹಿಡಿದು ಶಾಲೆಗೆ ಹೋದರೆ, ಹುಡುಗರು ಕೋಲು ಹಿಡಿದು ದನದ ಹಿಂದೆ ಬೆಟ್ಟ ಹತ್ತುತ್ತಿದ್ದರು. ಮೀಸೆ ಬಂದ ಮೇಲೆ ಅದೇ ಹುಡುಗರು ಗಡಿ ದಾಟಿ ಬಿಳಿಯರ ಚಿನ್ನದ ಗಣಿಗೆ ಇಳಿಯುತ್ತಿದ್ದರು. ಹಾಗಾಗಿ ಊರಿನ ಮುಕ್ಕಾಲು ಪಾಲು ಹೆಂಗಸರಿಗೆ ಅಕ್ಷರ ಗೊತ್ತು, ಗಂಡಸರಿಗೆ ಗೊತ್ತಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ, ಆದರೆ ಯಾರೂ ಬಾಯಿಬಿಟ್ಟು ಆಡದ ಸಂಗತಿ. ಮಾ-ನೆಯೊ ತಗ್ಗಿನ ಊರಿನವಳು. ಮಿಷನ್ ಶಾಲೆಯಲ್ಲಿ ಓದಿ, ಟೀಚರ್ ತರಬೇತಿ ಮುಗಿಸಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಬೆಟ್ಟದ ತಪ್ಪಲಿನ ಹಾ ಮಖಾಬಾ ಎಂಬ ಊರಿಗೆ ಸೊಸೆಯಾಗಿ ಬಂದಳು. ಗಂಡ ಪಾಕಿಸೊ ಗಣಿ ಕೆಲಸದವನು. ಮದುವೆಯಾದ ತಿಂಗಳಿಗೇ ರೈಲು ಹತ್ತಿದ.

ಮದುವೆಯ ದಿನ ಕುರಿ ಕಡಿದು, ಅವಳ ಸೊಂಟಕ್ಕೆ ಕಂಬಳಿ ಸುತ್ತಿ, ಅತ್ತೆ ಮನೆಯವರು ಹೇಳಿದರು: "ಇವತ್ತಿಂದ ನೀನು ಮಾ-ನೆಯೊ." ನೆಯೊಳ ತಾಯಿ ಎಂದು ಅರ್ಥ. ನೆಯೊ ಆಗ ಎಲ್ಲಿದ್ದಳು? ಹುಟ್ಟುವುದಕ್ಕೆ ಇನ್ನೂ ಎಷ್ಟೋ ಕಾಲ ಇತ್ತು. ಮಗುವಿಗಿಂತ ಮೊದಲೇ ಅವಳು ತಾಯಿಯಾದಳು. ಹುಟ್ಟಿದಾಗ ಇಟ್ಟಿದ್ದ ಸೆಲ್ವಾನೆ ಎಂಬ ಹೆಸರು ತವರಿನ ಅಂಗಳದಲ್ಲೇ ಉಳಿಯಿತು. ತಾಯಿ ಬದುಕಿರುವಷ್ಟು ದಿನ ಹೋದಾಗ ಬಂದಾಗ ಆ ಹೆಸರು ಕಿವಿಗೆ ಬೀಳುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಹಾಗೆ ಕರೆಯುವವರು ಯಾರೂ ಇರಲಿಲ್ಲ. ಪಾಕಿಸೊ ಕೂಡ ಅವಳನ್ನು ಮಾ-ನೆಯೊ ಎಂದೇ ಕರೆಯುತ್ತಿದ್ದ. ಅವಳಿಗೂ ಅದರಲ್ಲಿ ಬೇಸರವೇನೂ ಇರಲಿಲ್ಲ, ಅಥವಾ ಬೇಸರ ಇದೆ ಎಂದು ಯೋಚಿಸಲು ಪುರಸೊತ್ತಿರಲಿಲ್ಲ.

ಮಾವ ಲೆಫಾ ಎತ್ತರದ ಆಳು. ಗಣಿಯ ಧೂಳು ಎದೆಯಲ್ಲಿ ಕೂತು ಕೆಮ್ಮುತ್ತಿದ್ದ. ಎಷ್ಟೋ ವರ್ಷ ನೆಲದೊಳಗೆ ಬಂಡೆ ಒಡೆದು, ಮೈ ಸೋತ ಮೇಲೆ ಊರಿಗೆ ಬಂದು ನೆಲದ ಮೇಲಿನ ಬಂಡೆ ಒಡೆಯತೊಡಗಿದ. ನಮ್ಮ ಕಡೆಯ ಮರಳುಗಲ್ಲು ಹಳದಿ ಬಣ್ಣದ್ದು, ಬೆಳಗಿನ ಬಿಸಿಲಿಗೆ ಹೊಸ ಬೆಣ್ಣೆಯ ಹಾಗೆ ಕಾಣುತ್ತದೆ. ಅದನ್ನು ಚೌಕಾಕಾರಕ್ಕೆ ಕೆತ್ತಿ ಗೋಡೆ ಕಟ್ಟುವುದನ್ನು ಅವನು ಇಗರ್ಜಿ ಕಟ್ಟುವವರ ಜೊತೆ ಕಲಿತಿದ್ದ. ಸೊಸೆಗೂ ಅವನಿಗೂ ನಡುವೆ ಮಾತು ಕಡಿಮೆ. ಅವನು ಕೂತ ಕಡೆ ಅವಳು ಬರಿತಲೆಯಲ್ಲಿ ಹೋಗುವುದಿಲ್ಲ. ಅವನ ದನದ ದೊಡ್ಡಿಯ ಕಡೆಗಂತೂ ಹಾಯುವುದೇ ಇಲ್ಲ, ಅದು ಗಂಡಸರ ಜಾಗ. ಏನಾದರೂ ಹೇಳಬೇಕಾದರೆ "ನ್ತಾತೆ" ಎಂದು ಕರೆದು, ನೆಲ ನೋಡಿಕೊಂಡು ಹೇಳಿ ಹೋಗುತ್ತಿದ್ದಳು. ನ್ತಾತೆ ಅಂದರೆ ಅಪ್ಪ.

ಊರಿನಲ್ಲಿದ್ದದ್ದು ಇಗರ್ಜಿಯ ಒಂದೇ ಕೋಣೆಯ ಶಾಲೆ. ಅಲ್ಲಿ ಕೆಳಗಿನ ತರಗತಿಗಳು ಮುಗಿದರೆ ಮುಂದಕ್ಕೆ ನದಿ ದಾಟಿ ಹೋಗಬೇಕು. ನಮ್ಮಲ್ಲಿ ಮಳೆ ಬರುವುದು ಬೇಸಿಗೆಯಲ್ಲೇ; ಆಗ ನದಿ ತುಂಬಿದರೆ ಪಾಠವೂ ಆಚೆ ದಡದಲ್ಲೇ. ಮಾ-ನೆಯೊಳ ಕೈಯಲ್ಲಿ ಓದಿದ ಚುರುಕು ಹುಡುಗಿಯರೆಲ್ಲ ಹೀಗೆ ನದಿಯ ಈಚೆಗೇ ನಿಂತು, ಮದುವೆಯಾಗಿ, ಸೊಂಟಕ್ಕೆ ಕಂಬಳಿ ಸುತ್ತಿಕೊಂಡು ಅವಳ ಎದುರೇ ಹಾದುಹೋಗುತ್ತಿದ್ದರು. ಒಂದು ಚಳಿಗಾಲ ಊರ ಮುಖ್ಯಸ್ಥ ತನ್ನ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದ.

"ಗೋಡೆ ನೀವು ಎಬ್ಬಿಸಿ, ಸೂರು ನಾವು ಕೊಡ್ತೀವಿ, ಮೇಷ್ಟ್ರನ್ನೂ ಕಳಿಸ್ತೀವಿ ಅಂತ ಮಸೇರುನವರು ಹೇಳವ್ರೆ," ಎಂದ.

"ಅವರ ಸೂರು ಬರೋ ಹೊತ್ತಿಗೆ ನಮ್ಮ ಮೊಮ್ಮಕ್ಕಳ ಹಲ್ಲು ಉದುರಿರ್ತವೆ," ಎಂದ ಮೊಕೆಟೆ. ಇವನು ಲೆಫಾನ ಜೊತೆ ದನ ಕಾದವನು, ಜೊತೆಗೆ ಗಣಿಗೆ ಹೋದವನು, ಈಗ ಜೊತೆಗೇ ಕಲ್ಲು ಕೆತ್ತುವವನು. ಬಾಯಿ ಮಾತ್ರ ಕೈಗಿಂತ ಮುಂದೆ.

ಸಭೆ ನಕ್ಕಿತು. ಸಭೆಯಲ್ಲಿ ಯಾವತ್ತೂ ಮಾತಾಡದ ಲೆಫಾ ಎದ್ದು ನಿಂತ. ಹುಲ್ಲಿನ ಟೋಪಿ ಕೈಯಲ್ಲಿ ಹಿಡಿದಿದ್ದ.

"ಇನ್ನೊಬ್ರ ದೇಶದಾಗೆ ನೆಲದೊಳಕ್ಕೆ ಇಳಿದು, ಅವರ ಚಿನ್ನ ಎತ್ತಿಕೊಟ್ವಿ. ನಮ್ಮ ಬೆಟ್ಟದ ಕಲ್ಲು ಎತ್ತಕ್ಕೆ ಯಾರ ಅಪ್ಪಣೆ ಕಾಯ್ತಾ ಕೂತಿದೀವಿ?" ಎಂದು ಹೇಳಿ ಕೂತ.

ಅಲ್ಲಿಗೆ ಆಯಿತು. ಪೀಚ್ ಮರ ಹೂಬಿಡುವ ಹೊತ್ತಿಗೆ ಬುನಾದಿ ಬಿತ್ತು. ಇದನ್ನು ಕಣ್ಣಾರೆ ಕಂಡವರಿಗೆ ಇವತ್ತಿಗೂ ಬೆರಗು ಹೋಗಿಲ್ಲ. ಊರಿನಲ್ಲಿ ಗಟ್ಟಿ ಮೈಯ ಗಂಡಸು ಅಂತ ಒಬ್ಬನೂ ಇರಲಿಲ್ಲ, ಎಲ್ಲ ಗಣಿಯಲ್ಲಿ. ಇದ್ದವರು ಕೆಮ್ಮುವ ಮುದುಕರು, ಹೆಂಗಸರು, ಮಕ್ಕಳು. ಹೆಂಗಸರು ನದಿಯಿಂದ ಮರಳನ್ನೂ ನೀರನ್ನೂ ತಲೆಯ ಮೇಲೆ ಹೊತ್ತು ಸಾಲುಗಟ್ಟಿ ಹಾಡುತ್ತಾ ಬೆಟ್ಟ ಹತ್ತಿದರು. ಮಾ-ನೆಯೊ ಪಾಠ ಮುಗಿಸಿ, ಸೀಮೆಸುಣ್ಣದ ಕೈಯಲ್ಲೇ ಬಕೆಟ್ಟು ಎತ್ತಿಕೊಂಡು ಆ ಸಾಲಿಗೆ ಸೇರುತ್ತಿದ್ದಳು. ಸಂಜೆ ತಿರುಗಿ ನೋಡಿದರೆ ಬೆಳಿಗ್ಗೆ ಮೊಣಕಾಲಷ್ಟಿದ್ದ ಗೋಡೆ ಸೊಂಟದ ಮಟ್ಟಕ್ಕೆ ಬಂದಿರುತ್ತಿತ್ತು. ಇದನ್ನು ನಾವು ಮಾಡಿದೆವೇ ಎಂದು ಅವಳು ದಿನವೂ ನಿಂತು ನೋಡುತ್ತಿದ್ದಳು.

ಗೋಡೆ ಬಾಗಿಲ ಎತ್ತರಕ್ಕೆ ಬಂದಾಗ ಮುಖ್ಯಸ್ಥ, "ಕಟ್ಟಿದವನ ಹೆಸರು ಕಲ್ಲಿನ ಮೇಲಿರ್ಲಿ. ಬಾಗಿಲ ಮೇಲಿನ ಅಡ್ಡಗಲ್ಲಿನಾಗೆ ನಿನ್ನ ಹೆಸರು ಕೆತ್ತು, ಲೆಫಾ," ಎಂದ. ಲೆಫಾ ಮಾರನೆಯ ದಿನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಇಗರ್ಜಿ ಶಾಲೆಯ ಬಾಗಿಲಲ್ಲಿ ಬಂದು ನಿಂತ. ಮಾ-ನೆಯೊ ಗಡಬಡಿಸಿ ತಲೆಗೆ ಬಟ್ಟೆ ಸರಿಮಾಡಿಕೊಂಡಳು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ ಮಗ," ಎಂದ ಲೆಫಾ, ಹೊರಗೆ ನೋಡುತ್ತಾ. "ಗಣಿ ಆಫೀಸಿನಾಗೆ ಗುಮಾಸ್ತ ನನ್ನ ಹೆಬ್ಬೆಟ್ಟು ಹಿಡ್ಕೊಂಡು ಮಸಿಗೆ ಅದ್ದೋನು, ಕಾಗದಕ್ಕೆ ಒತ್ತೋನು. ಒಂದು ದಿನಾನೂ ನಾನಾಗಿ ಒತ್ತಕ್ಕೆ ಬಿಡ್ಲಿಲ್ಲ. ಬೆಟ್ಟು ನಂದು, ಹಿಡ್ಕೊಳ್ಳೋನು ಅವನು. ಸಾಯೋಕೆ ಮುಂಚೆ ಒಂದು ಸಲ ನನ್ನ ಹೆಸರ ನಾನೇ ಬರೀಬೇಕು. ಬಾಯಲ್ಲಿ ನೀನು ಹೇಳ್ಬೇಡ, ಹೇಳೂ ಅನ್ನಲ್ಲ. ಬರೆದುಕೊಡು ಸಾಕು. ಬಳಪಕ್ಕೇನು ನಾಲಿಗೆ ಇದೆಯಾ?"

ಮಾ-ನೆಯೊ ಸ್ಲೇಟು ತೆಗೆದುಕೊಂಡಳು. ಬಳಪ ಹಿಡಿದಳು. ಕೈ ಏಳಲಿಲ್ಲ. ಕಿಟಕಿ ಪಕ್ಕದ ಹುಡುಗನ ಹೆಸರನ್ನೂ ಹಾಜರಿ ಪುಸ್ತಕಕ್ಕೆ ಇಗರ್ಜಿಯ ಹಿರಿಯರ ಕೈಯಲ್ಲಿ ಬರೆಸಿದವಳು ಅವಳು. ಬರೆದರೆ ಆಕಾಶವೇನೂ ಬೀಳುವುದಿಲ್ಲ ಎಂದು ಅವಳ ಓದಿದ ತಲೆಗೆ ಗೊತ್ತಿತ್ತು. ಆದರೆ ಬಳಪ ಹಿಡಿದದ್ದು ತಲೆಯಲ್ಲ, ಕೈ. ಕೊನೆಗೆ ತಾನು ಮಾವನನ್ನು ಏನೆಂದು ಕರೆಯುತ್ತಿದ್ದಳೋ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಎರಡು 't' ಬರುವಂತೆ, ದುಂಡಗೆ ಬರೆದಳು: ನ್ತಾತೆ. ಅದನ್ನು ನೋಡಿದರೆ ಅವರಿಗೇ ಗೊತ್ತಾಗುತ್ತದೆ, ಪಾಪ ಸೊಸೆಯ ಕೈಯಲ್ಲಿ ಆಗಲಿಲ್ಲ ಎಂದು ನಕ್ಕು ಬೇರೆಯವರ ಹತ್ತಿರ ಹೋಗುತ್ತಾರೆ ಎಂದುಕೊಂಡಳು. ಓದು ಬಂದವರು ಮಾಡುವ ತಪ್ಪು ಇದು. ಓದಲು ಬಾರದವನಿಗೆ ಅದು ಬರೀ ಗೆರೆ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಲೆಫಾ ಸ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಇಷ್ಟೇನಾ?"

"ಇಷ್ಟೇ, ನ್ತಾತೆ."

"ಸುತ್ತಿಗೆ ಥರ ಇರೋದು ಎರಡು ಸಲ ಬಂದೈತೆ," ಎಂದು ತನಗೆ ತಾನೇ ಹೇಳಿಕೊಂಡ. ಸ್ಲೇಟನ್ನು ಕಂಬಳಿಯೊಳಗೆ ಇಟ್ಟುಕೊಂಡು, ಮಗು ಎತ್ತಿಕೊಂಡವನ ಹಾಗೆ ಹೊರಟುಹೋದ. ಆಮೇಲೆ ಆ ಮಾತು ಎತ್ತಲಿಲ್ಲ. ಅರ್ಥವಾಗಿರಬೇಕು, ನೊಂದುಕೊಂಡರೋ ಏನೋ ಎಂದು ಅವಳೂ ಎತ್ತಲಿಲ್ಲ. ಅವನು ದೊಡ್ಡಿಯೊಳಗೆ ಕೂತು ಬೂದಿಯ ಮೇಲೆ ಬೆರಳಿನಲ್ಲಿ, ಒಣ ಸಗಣಿಯ ಮೇಲೆ ಕಡ್ಡಿಯಲ್ಲಿ, ಕಡೆಗೆ ಕಲ್ಲಿನ ಮೇಲೆ ಉಳಿಯಲ್ಲಿ ಆ ಗೆರೆಗಳನ್ನೇ ತಿದ್ದುತ್ತಿದ್ದದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ಮೊಕೆಟೆ ಎಷ್ಟೇ ಅಣಕಿಸಿದರೂ, ಮಸೇರುವಿನಿಂದ ತಗಡು ಬಂದೇ ಬಂತು. ಉದ್ಘಾಟನೆಗೆ ದಿನ ಗೊತ್ತಾಯಿತು. ಹಿಂದಿನ ಸಂಜೆ ಲೆಫಾ ಸೊಸೆಯನ್ನು ಹೊಸ ಶಾಲೆಯ ಹತ್ತಿರ ಕರೆಸಿದ. ಅಡ್ಡಗಲ್ಲು ಬಾಗಿಲ ಮೇಲೆ ಕೂತಿತ್ತು, ಅದರ ಮೇಲೆ ಗೋಡೆಯೂ ಎದ್ದಿತ್ತು. ಕಲ್ಲಿಗೆ ಕಂಬಳಿ ಮುಚ್ಚಿದ್ದರು. ಅದನ್ನು ಎತ್ತಿ ಕೂರಿಸಿದ ಮುದುಕರೆಲ್ಲ ದನ ಕಾದವರೇ. ಒಬ್ಬನಿಗೂ ಅಕ್ಷರ ಬರುತ್ತಿರಲಿಲ್ಲ.

"ಮೊದಲು ನೀನು ನೋಡ್ಬೇಕು," ಎಂದು ಲೆಫಾ ಕಂಬಳಿಯ ತುದಿ ಎತ್ತಿದ.

ಅಂಥ ಅಕ್ಷರಗಳನ್ನು ಮಾ-ನೆಯೊ ಹಿಂದೆಂದೂ ಕಂಡಿರಲಿಲ್ಲ. ಅವಳದೇ ಕೈಬರಹ, ಅವಳ ದುಂಡನೆಯ ತಿರುವುಗಳು, ಕೊನೆಯ ಅಕ್ಷರದಲ್ಲಿ ಅವಳು ಅವಸರಕ್ಕೆ ಬಿಟ್ಟ ಸಣ್ಣ ಬಾಲ ಕೂಡ ಹಾಗೇ ಇತ್ತು. ಆದರೆ ಬೆರಳು ಹೂತುಹೋಗುವಷ್ಟು ಆಳ. ಅಂಚು ಕತ್ತರಿಸಿದಷ್ಟು ನೇರ. ನ್ತಾತೆ.

"ಸರಿಯಾಗೈತಾ?"

"ತುಂಬಾ ಚೆನ್ನಾಗಿದೆ, ನ್ತಾತೆ," ಎಂದಳು. ಅದು ಸುಳ್ಳಲ್ಲ.

ಓಡಿದಂತೆಯೇ ಮನೆಗೆ ಬಂದು ಒಲೆಯ ಮುಂದೆ ಕೂತಿದ್ದ ಅತ್ತೆಯ ಹತ್ತಿರ ಎಲ್ಲ ಹೇಳಿದಳು. ಅತ್ತೆ ಮಾ-ಪಾಕಿಸೊ ಮೊದಲು ಕಂಬಳಿ ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಅದೇ ಕಂಬಳಿಯಿಂದ ಕಣ್ಣೊರೆಸಿಕೊಂಡಳು.

"ನೀವೇ ಹೇಳ್ಬೇಕು ಮ್ಮೆ."

"ನಾನಾ? ಮದುವೆಯಾದಾಗಿಂದ, ಅವನಿಗೆ ಓದಕ್ಕೆ ಬರಲ್ಲ ಅನ್ನೋದೇ ಗೊತ್ತಿಲ್ಲದವಳ ಹಾಗೆ ಬದುಕಿದೀನಿ ಕಣೆ. ಕಾಗದ ಬಂದ್ರೆ ನನಗೆ ಕಣ್ಣು ಮಂಜು, ಇನ್ಯಾರ ಹತ್ರಾನಾದ್ರೂ ಓದಿಸೋಣ ಅಂತೀನಿ. ಈ ವಯಸ್ಸಲ್ಲಿ ನಾನು ಗೊತ್ತು ಅಂತ ತೋರಿಸ್ಕೊಳ್ಳಾ?" ಎಂದು ಗಂಜಿ ಕಲಕಿದಳು. "ಈಗ ಹೇಳಿದ್ರೆ ಇವತ್ತೇ ಹೋಗಿ ಆ ಕಲ್ಲು ಕಿತ್ತುಹಾಕ್ತಾನೆ. ಕಲ್ಲು ಕಿತ್ರೆ ಮೇಲಿನ ಗೋಡೆ ಬೀಳುತ್ತೆ. ನಾಳೆ ಮಸೇರುನವರು ಬಂದು ಏನ್ ನೋಡ್ತಾರೆ, ಕಲ್ಲಿನ ರಾಶಿ ನೋಡ್ತಾರಾ? ಹೇಳ್ದೇ ಇದ್ರೆ ನಾಳೆ ಊರೇ ನಗುತ್ತೆ. ಬರೆದೋಳು ನೀನು. ನೀನೇ ನೋಡ್ಕೋ."

ಬೆಳಿಗ್ಗೆ ಧೈರ್ಯ ಮಾಡಿ ಮಾ-ನೆಯೊ ಮಾವನ ಗುಡಿಸಲ ಮುಂದೆ ಮೊಣಕಾಲೂರಿದಳು. ಒಂದೊಂದೇ ಕಲ್ಲು ಪೇರಿಸಿದ ಮನುಷ್ಯ ಇಡೀ ಊರಿನೆದುರು ನಗೆಪಾಟಲಾಗುವುದು, ಅದೂ ತನ್ನ ಕೈಯಿಂದ. ಹಾಗಾಗಬಾರದು. ಲೆಫಾ ಮದುವೆಗೆ ಹೊದೆಯುವ ಒಳ್ಳೆಯ ಕಂಬಳಿ ಹೊದ್ದು, ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು ತಯಾರಾಗಿದ್ದ.

"ನ್ತಾತೆ, ಆ ಕಲ್ಲಿನ ಮೇಲೆ..."

"ಗೊತ್ತು, ಬಿಡು," ಎಂದ ಅವನು, ದನಿ ತಗ್ಗಿಸಿ. "ನೀನು ಸೊಸೆ. ಬರೀಬಾರದ್ದನ್ನ ನನಗೋಸ್ಕರ ಬರೆದೆ. ಯಾರು ಬರೆದುಕೊಟ್ರು ಅಂತ ಮೊಕೆಟೆ ಕೇಳಿ ಕೇಳಿ ಸಾಕಾದ. ನಾನು ಬಾಯಿ ಬಿಟ್ಟಿಲ್ಲ. ಸಾಯೋತನಕ ಬಿಡಲ್ಲ. ನಿನ್ನ ಮರ್ಯಾದೆ ನನ್ನ ಹತ್ರ ಇರುತ್ತೆ."

ಮಾ-ನೆಯೊ ಎದ್ದು ಶಾಲೆಗೆ ಹೋದಳು.

ಎತ್ತು ಕಡಿದಿದ್ದರು, ಕುದುರೆಯ ಮೇಲೆ ಬಂದವರಿಗೂ ಕಾಲ್ನಡಿಗೆಯವರಿಗೂ ಸಾಕಾಗುವಷ್ಟು ಜೋಳದ ಹೆಂಡ ಇತ್ತು. ಮಸೇರುವಿನ ಅಧಿಕಾರಿ ಟೈ ಸರಿಮಾಡಿಕೊಂಡು ದೇಶ, ಅಭಿವೃದ್ಧಿ, ನಾಳಿನ ಪ್ರಜೆ ಎಂದೆಲ್ಲ ಮಾತಾಡಿದರು. ಮುಖ್ಯಸ್ಥ ಕಂಬಳಿ ಎಳೆದ. ಬಿಸಿಲು ನೇರ ಕಲ್ಲಿನ ಮೇಲೆ ಬಿತ್ತು. ಗಂಡಸರೆಲ್ಲ ಆಹಾ ಅಂದರು. ಹೆಂಗಸರು ಮಾತ್ರ ಏನೂ ಅನ್ನಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮೌನದಲ್ಲಿ ಮುಂದಿನ ಸಾಲಿನಲ್ಲಿದ್ದ ನೆಯೊ, ಮಾ-ನೆಯೊಳ ಮಗಳು, ಆಗಷ್ಟೇ ಓದಲು ಕಲಿತವಳು, ಕಂಡದ್ದನ್ನೆಲ್ಲ ಓದುವ ವಯಸ್ಸಿನವಳು, ಗಟ್ಟಿಯಾಗಿ ಓದಿದಳು: "ನ್ತಾತೆ."

"ಓ," ಎಂದ ಲೆಫಾ.

ಯಾರೋ ಕರೆದರು ಅಂದುಕೊಂಡಿದ್ದ. ಉಳಿದ ಮಕ್ಕಳೂ ಸುಮ್ಮನಿರುತ್ತವೆಯೇ? ತಾವೂ ಓದಬಲ್ಲೆವು ಎಂದು ಎಲ್ಲವೂ ಒಟ್ಟಿಗೆ ಕೂಗಿದವು: "ನ್ತಾತೆ."

"ಓ, ಇಲ್ಲೇ ಇದೀನಲ್ಲ," ಎಂದ ಅವನು, ಸುತ್ತ ನೋಡುತ್ತಾ.

ಹೆಂಗಸರ ಕಡೆ ಯಾರೋ ಕಿಸಕ್ಕನೆ ನಕ್ಕರು. ಪಕ್ಕದವಳು ಗಂಡಸರ ಸಾಲಿನ ಅಂಚಿನಲ್ಲಿದ್ದ ತನ್ನ ಗಂಡನ ಕಿವಿಯಲ್ಲಿ ಹೇಳಿದಳು, ಅವನು ಇನ್ನೊಬ್ಬನಿಗೆ ಹೇಳಿದ. ಮಾತು ಮೊಕೆಟೆಯವರೆಗೆ ತಲುಪಿತು.

"ಲೇ ಲೆಫಾ," ಎಂದು ಕೂಗಿದ ಮೊಕೆಟೆ, "ನಿನ್ನ ಹೆಸರೆಲ್ಲೋ? ಅಲ್ಲಿರೋದು ನ್ತಾತೆ ಅಂತಂತೆ. ಯಾರ ಅಪ್ಪನೋ ನೀನು?"

ಇಡೀ ಬಯಲು ನಕ್ಕಿತು. ಅಧಿಕಾರಿಯೂ ಕರ್ಚೀಫು ಬಾಯಿಗೆ ಹಿಡಿದರು. ಲೆಫಾ ಕಲ್ಲು ನೋಡಿದ. ಸೊಸೆಯ ಕಡೆ ನೋಡಿದ. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದ: ಗಂಡಸರ ಸಾಲು ಬಿಟ್ಟು, ಬಯಲು ದಾಟಿ, ಹೆಂಗಸರ ನಡುವೆ ನಿಂತಿದ್ದ ಸೊಸೆಯ ಎದುರಿಗೇ ಬಂದು ನಿಂತ. ನಗು ತಾನಾಗಿ ನಿಂತಿತು.

"ನೀನು ಏನು ಬರೆದಿದ್ದೆ?"

"ನಾನು ನಿಮ್ಮನ್ನ ಏನಂತ ಕರೀತೀನೋ ಅದನ್ನೇ ಬರೆದೆ, ನ್ತಾತೆ. ಬೇರೇದಕ್ಕೆ ಕೈ ಏಳಲಿಲ್ಲ." ಅವಳು ಅಳುತ್ತಿದ್ದಳು. "ನಿಮಗೆ ಗೊತ್ತಾಗುತ್ತೆ ಅಂದ್ಕೊಂಡೆ. ನನ್ನದೇ ತಪ್ಪು. ಹೊಡೆದು ಹಾಕಿ ಅದನ್ನ."

ಲೆಫಾ ಗಾಳಿಯಲ್ಲಿ ಬೆರಳಾಡಿಸಿದ. ಸುತ್ತಿಗೆ, ಮತ್ತೊಂದು ಸುತ್ತಿಗೆ. ಅಷ್ಟು ದಿನ ಬೂದಿಯಲ್ಲಿ ತಿದ್ದಿದ್ದು ಯಾವ ಮಾತು ಎಂದು ಅವನಿಗೆ ಆಗ ತಿಳಿಯಿತು. ಅವನ ಮುಖ ಕಪ್ಪಿಟ್ಟಿತು. ಕೈ ಸೊಂಟದ ಸುತ್ತಿಗೆಯ ಕಡೆ ಹೋಗುವುದನ್ನು ಮಾ-ಪಾಕಿಸೊ ದೂರದಿಂದ ನೋಡಿ ಕಣ್ಣು ಮುಚ್ಚಿಕೊಂಡಳು. ಆಗ ಕೆಳಗಿನ ಸಾಲಿನ ಯಾವುದೋ ಪುಟ್ಟ ಮಗು, ಎಲ್ಲರಿಗಿಂತ ಹಿಂದೆ ಉಳಿದದ್ದು, ಅಕ್ಷರ ಕೂಡಿಸಿ ಕೂಡಿಸಿ ಈಗ ಮುಗಿಸಿತು: "ನ್... ತಾ... ತೆ."

ಲೆಫಾ ತಿರುಗಿ ಆ ಮಗುವನ್ನು ನೋಡಿದ.

"ಓ," ಎಂದ.

ಆಮೇಲೆ ಮೊಕೆಟೆಯ ಕಡೆ ತಿರುಗಿದ. "ಯಾರ ಅಪ್ಪ ಅಂತ ಕೇಳಿದ್ಯಲ್ಲ. ಈ ಬಾಗಿಲಾಗೆ ಹೋಗೋ ಮಕ್ಕಳೆಲ್ಲ ಅದನ್ನ ಓದ್ಕೊಂಡೇ ಒಳಗೆ ಹೋಗ್ತವೆ. ಓದಿದೋರಿಗೆಲ್ಲ ಅಪ್ಪ. ನನ್ನ ಹೆಸರು ಕೆತ್ತಿದ್ರೆ ನಾನು ಸತ್ತ ಮೇಲೆ ಅದು ಯಾರದ್ದು ಅಂತ ಯಾರು ಕೇಳ್ತಿದ್ರು? ಕಲ್ಲು ಹಾಗೇ ಇರ್ಲಿ."

ಹೆಂಗಸರು ಸಂತೋಷಕ್ಕೆ ನಾಲಿಗೆ ಹೊರಳಿಸಿ ಉಲಿಯೆಬ್ಬಿಸಿದ ಸದ್ದು ಎದುರು ಬೆಟ್ಟಕ್ಕೆ ಬಡಿದು ವಾಪಸು ಬಂತು. ಅಧಿಕಾರಿ ಟೋಪಿ ತೆಗೆದರು. ಅವಮಾನ ನುಂಗಿ ಅದನ್ನು ಎಲ್ಲರಿಗೂ ಹಂಚುವ ಅನ್ನವಾಗಿ ಮಾಡಬಲ್ಲ ಮನುಷ್ಯರು ಇರುತ್ತಾರೆ ಎಂದು ಅದುವರೆಗೆ ಮಾ-ನೆಯೊಗೆ ಗೊತ್ತಿರಲಿಲ್ಲ. ತಾನು ಓದಿದ ಯಾವ ಪುಸ್ತಕವೂ ಇದನ್ನು ತನಗೆ ಕಲಿಸಿರಲಿಲ್ಲ ಎಂದು ಆಕೆ ಕಡೆಯವರೆಗೂ ಹೇಳುತ್ತಿದ್ದಳು.

ಆದರೆ ಲೆಫಾ ಸಾಮಾನ್ಯನಲ್ಲ. ಶಾಲೆ ಶುರುವಾದ ಮೊದಲ ದಿನವೇ ತೊಳೆದ ಅಂಗಿ ತೊಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತ. "ನಾನು ಕೆತ್ತಿದ್ದನ್ನ ನಾನೇ ಓದ್ಬೇಕು. ಇನ್ನೊಂದು ಸಲ ಯಾರೂ ಓದಿ ಹೇಳೋದು ಬ್ಯಾಡ," ಎಂದ. ಹಾಜರಿ ಕರೆಯುವಾಗ ಮಾ-ನೆಯೊಗೆ ಹೊಸ ಫಜೀತಿ ಹುಟ್ಟಿತು. ಈಗ ಪುಸ್ತಕದಲ್ಲಿ ಆ ಹೆಸರು ಎರಡು. ಮೊದಲನೆಯದಕ್ಕೆ "ಕಿಟಕಿ ಪಕ್ಕದವನೇ" ಅನ್ನುತ್ತಿದ್ದಳು. ಎರಡನೆಯದಕ್ಕೆ ಏನೂ ಅನ್ನದೆ ಸುಮ್ಮನೆ ನಿಲ್ಲುತ್ತಿದ್ದಳು. ಆ ಮೌನಕ್ಕೆ ಹಿಂದಿನ ಬೆಂಚಿನಿಂದ "ಬಂದಿದೀನಿ ಮ್ಮೆ" ಎಂದು ಗೊಗ್ಗರು ದನಿ ಬರುತ್ತಿತ್ತು. ಮಕ್ಕಳು ಒಂದು ವಾರ ನಕ್ಕವು, ಆಮೇಲೆ ಮರೆತವು.

ಅವನು ಓದಲು ಕಲಿತದ್ದನ್ನು ನೋಡುವುದೇ ಒಂದು ಸೋಜಿಗ. ಬೆಂಕಿಪೊಟ್ಟಣ ಓದಿದ, ಸೋಪಿನ ಕಾಗದ ಓದಿದ, ಇಷ್ಟು ವರ್ಷ ಹೊದ್ದ ಕಂಬಳಿಯ ಮೂಲೆಯಲ್ಲಿದ್ದ ಚೀಟಿ ಓದಿ ಇದು ಇಂಗ್ಲೆಂಡಿನಲ್ಲಿ ನೇಯ್ದದ್ದು ಎಂದು ಕಂಡುಕೊಂಡು ಒಂದು ಹಗಲಿಡೀ ಅದನ್ನು ಹೊದೆಯಲಿಲ್ಲ. ಮಗ ಪಾಕಿಸೊ ಗಣಿಯಿಂದ ಬರೆಸಿ ಕಳಿಸಿದ ಕಾಗದವನ್ನು ಹೆಂಡತಿಗೆ ತಾನೇ ಓದಿ ಹೇಳಿದ ದಿನ ಮಾ-ಪಾಕಿಸೊ, "ನನಗೆ ಕಣ್ಣು ಮಂಜು ನೋಡು, ನೀನಿದ್ದದ್ದು ಒಳ್ಳೇದಾಯ್ತು," ಎಂದು ಗಂಭೀರವಾಗಿ ಹೇಳಿದಳು. ಅವನ ಹಿಂದೆ ದನ ಕಾಯುವ ಹುಡುಗರೂ ಒಬ್ಬೊಬ್ಬರಾಗಿ ಬಂದರು. ಮುದುಕನೇ ಕೂತಿದ್ದಾನೆ, ನಮಗೇನು ನಾಚಿಕೆ ಎಂದು. ಹುಡುಗಿಯರು ನದಿ ತುಂಬಿದರೂ ಬರಿದಾದರೂ ಓದು ಮುಂದುವರಿಸಿದರು. ಒಬ್ಬಳು ನರ್ಸಾದಳು, ಒಬ್ಬಳು ಉಣ್ಣೆ ಮಂಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳತೊಡಗಿದಳು. ಅಲ್ಲಿಗೆ ಕುರಿಯ ಉಣ್ಣೆ ತಂದ ಮುದುಕರು ಹೆಬ್ಬೆಟ್ಟು ಚಾಚಿದರೆ, ಆಕೆ ಅದನ್ನು ಹಿಡಿಯುತ್ತಿರಲಿಲ್ಲ. ಮಸಿ ಮುಂದಿಟ್ಟು, "ನೀವೇ ಒತ್ತಿ, ನ್ತಾತೆ," ಅನ್ನುತ್ತಿದ್ದಳು.

ಇದೆಲ್ಲ ಆಗುವ ಹೊತ್ತಿಗೆ ಲೆಫಾಗೆ ಕೆಮ್ಮು ಹೆಚ್ಚಾಗಿತ್ತು. ಆದರೂ ಶಾಲೆಯ ಪಕ್ಕದಲ್ಲಿ ಟೀಚರಿಗೊಂದು ಮನೆ ಕಟ್ಟುವಾಗ ಉಳಿ ಇನ್ನೊಬ್ಬರ ಕೈಗೆ ಕೊಡಲಿಲ್ಲ. ಕೂತು ಕೂತು ಕೆತ್ತಿದ. ಬಾಗಿಲ ಅಡ್ಡಗಲ್ಲು ಕೂರಿಸಿದ ದಿನ ಸೊಸೆಗೆ ಹೇಳಿಕಳಿಸಿದ. ಅವಳು ಬಂದಾಗ ಕಲ್ಲಿನ ಮೇಲೆ ಅದೇ ಹಳೆಯ ಕಂಬಳಿ ಮುಚ್ಚಿತ್ತು. ಸುತ್ತ ಬೇರೆ ಯಾರೂ ಇರಲಿಲ್ಲ.

ಕಡೆಗೂ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ ಎಂದುಕೊಂಡಳು ಅವಳು. ಅದನ್ನು ತಾನು ಓದುವ ಹಾಗಿಲ್ಲ ಎಂದು ಮೊದಲೇ ತುಟಿ ಬಿಗಿಹಿಡಿದಳು. ಲೆಫಾ ಕಂಬಳಿ ಎಳೆದ.

ಈ ಸಲ ಅವಳ ಕೈಬರಹವಲ್ಲ, ಅವನದೇ. ಅಕ್ಷರಗಳು ಒಂದಕ್ಕೊಂದು ಸಾಲು ತಪ್ಪಿದ್ದವು, ಮೊದಲನೆಯದು ನದಿಯ ತಿರುವಿನಂತೆ ಅಗತ್ಯಕ್ಕಿಂತ ದೊಡ್ಡದಾಗಿತ್ತು. ಯಾರಿಂದಲೂ ಬರೆಸಿಕೊಳ್ಳದೆ, ತಾನೇ ಕೂಡಿಸಿ ಬರೆದದ್ದು ನೋಡಿದರೆ ತಿಳಿಯುತ್ತಿತ್ತು.

"ಓದು," ಎಂದ ಲೆಫಾ. "ಇದನ್ನ ಓದಕ್ಕೆ ನಿನಗೇನೂ ಅಡ್ಡಿಯಿಲ್ಲ. ನಿಮ್ಮಪ್ಪ ಮದುವೆ ಮಾತಿಗೆ ಬಂದ ದಿನ ಒಂದೇ ಸಲ ಹೇಳಿದ್ದ. ನೆನಪಿಟ್ಕೊಂಡಿದ್ದೆ."

ಅವಳು ಓದಿದಳು. ತಾಯಿ ಸತ್ತ ಮೇಲೆ ಯಾರ ಬಾಯಲ್ಲೂ ಕೇಳದ ಹೆಸರು, ತನ್ನದೇ ಬಾಯಲ್ಲಿ, ಹಾ ಮಖಾಬಾದ ಗಾಳಿಯಲ್ಲಿ ಮೊದಲ ಸಲ ಕೇಳಿಸಿತು: "ಸೆಲ್ವಾನೆ."

ಮುದುಕ ಕಾಯುತ್ತಿದ್ದ. "ಕರೆದ್ರೆ ಓಗೊಡ್ಬೇಕಮ್ಮ," ಎಂದ.

ಅವಳು ತಲೆಯ ಬಟ್ಟೆ ಜಾರಿದ್ದನ್ನೂ ಗಮನಿಸದೆ, ಆ ಕಲ್ಲಿನ ಕಡೆ ಮುಖವೆತ್ತಿ, "ಓ," ಎಂದಳು.